ಊದದೆ ಉಳಿದ ಆರತಿ

ಅರವತ್ತರ ದಶಕದ ಒಂದು ಧನುರ್ಮಾಸ. ಬೆಳ್ತಂಗಡಿಯಲ್ಲಿ ನಾನು ಪೂಜೆ ಮಾಡುತ್ತಿದ್ದ ದೇವಸ್ಥಾನದ ಮುಂದೆಯೇ ಬೆಳಗಿನ ಮೊದಲ ಬಸ್ಸು ನಿಲ್ಲುತ್ತಿತ್ತು. ಉಷಃಕಾಲದ ಪೂಜೆ ಮುಗಿಸಿ, ಮಡಿಯ ಒದ್ದೆ ವಸ್ತ್ರದಲ್ಲಿಯೇ ನಾನು ಅದರ ಎಂಜಿನ್ನಿಗೆ ಕರ್ಪೂರದ ಆರತಿ ಎತ್ತಬೇಕು. ಅನಂತರವೇ ಚಾಲಕನು ಬಸ್ಸು ಹೊರಡಿಸುವುದು.

ಆ ದಿನ ಬಸ್ಸಿನೊಳಗೆ ನನ್ನ ತಂದೆಯವರು ಮಲಗಿದ್ದರು. ಮೂರು ದಿನಗಳ ಉಬ್ಬಸ. ಒಂದೊಂದು ಉಸಿರನ್ನೂ ಆಳದ ಬಾವಿಯಿಂದ ಸೇದುವಂತೆ ಎಳೆಯುತ್ತಿದ್ದರು. ಬಂಟ್ವಾಳದ ಡಾಕ್ಟರರಲ್ಲಿಗೆ ಅವರನ್ನು ಒಯ್ಯಲು ಬೇರೆ ವಾಹನವಿರಲಿಲ್ಲ.

ಘಟ್ಟದಿಂದಿಳಿದ ಚಳಿಗೆ ಡೀಸೆಲ್ ಎಂಜಿನ್ ಮರಗಟ್ಟಿತ್ತು. ನಾಲ್ಕು ಸಲ ನರಳಿ ಸುಮ್ಮನಾಯಿತು. ಚಾಲಕನು ಬಾನೆಟ್ ತೆರೆದು, ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಗೆ ಹಿಡಿಯಲೆಂದು ಬಟ್ಟೆಯೊಂದಕ್ಕೆ, ಕಿಡಿ ಸೋಕಿದರೆ ಸಾಕು ಹೊತ್ತಿಕೊಳ್ಳುವ ಈಥರ್ ಸುರಿದನು.

"ಆಸ್ಪತ್ರೆಯಲ್ಲಿ ಇದನ್ನು ಮೂಸಿದವರು ಮಲಗ್ತಾರೆ, ಇದು ಮಾತ್ರ ಏಳ್ತದೆ. ಎಂತ ಲೋಕ ಮಾರಾಯ್ರೆ," ಎಂದು ಕಂಡಕ್ಟರ್ ನಕ್ಕನು.

ಅಭ್ಯಾಸಬಲದಿಂದ ನಾನು ಉರಿಯುವ ಆರತಿಯೊಡನೆ ಸಮೀಪಿಸಿದೆ. ಸಿಹಿಯಾದ, ತಲೆತಿರುಗಿಸುವ ವಾಸನೆ. ಚಾಲಕನು ತಿರುಗಿ ನೋಡಿ ಬಿಳಿಚಿಕೊಂಡನು.

"ಭಟ್ರೇ, ಊದಿ. ಬೇಗ ಊದಿ ನಂದಿಸಿ."

ಬಾಯಿಯ ಎಂಜಲು ಗಾಳಿ ಅಗ್ನಿಯನ್ನು ತಾಗಕೂಡದೆಂದು ಉಪನಯನದ ದಿನವೇ ತಂದೆಯವರು ಕಲಿಸಿದ್ದರು. ಅವನ ಮಾತು ನನಗೆ ಅರ್ಥವಾಗಿತ್ತು. ಆದರೂ ತುಟಿ ತೆರೆಯಲಿಲ್ಲ, ಹಿಂದೆ ಸರಿಯಬೇಕೆಂದೂ ತೋಚಲಿಲ್ಲ. ಅಷ್ಟರಲ್ಲಿ ನೀಲಿ ಉರಿಯೊಂದು ಸದ್ದಿಲ್ಲದೆ ಗಾಳಿಯಲ್ಲೇ ಹಾರಿ ಬಟ್ಟೆಯನ್ನು ಹಿಡಿಯಿತು. ಚಾಲಕನು ಅದನ್ನು ಕೊಡವಿದಾಗ ಬಸ್ಸಿನ ಅಡಿಗೇ ಬಿದ್ದು ಉರಿಯತೊಡಗಿತು. ಮೇಲಿನಿಂದ ತಂದೆಯವರ ಕೆಮ್ಮು ಕೇಳುತ್ತಿತ್ತು.

ಆರತಿಯನ್ನು ದೂರಕ್ಕೆಸೆದು, ಹೆಗಲ ಒದ್ದೆ ಉತ್ತರೀಯವನ್ನು ಆ ಉರಿಯ ಮೇಲೆ ಹಾಕಿ ಎರಡೂ ಕೈಗಳಿಂದ ಅದುಮಿದೆ. ನಂದಿತು. ಚಾಲಕನ ಮುಂಗೈ ಕೆಂಪಾಗಿತ್ತು.

"ಆರತಿ ನಾಳೆ ಸಾಕು," ಎಂದಷ್ಟೇ ಹೇಳಿ, ನನ್ನನ್ನು ಅಂಗಳದಾಚೆ ನಿಲ್ಲಿಸಿ, ಅವನು ಇನ್ನೊಂದು ಬಟ್ಟೆಗೆ ಈಥರ್ ಹಾಕಿದನು. ಎಂಜಿನ್ ಒಮ್ಮೆ ಗುದ್ದಿದಂತೆ ಸದ್ದುಮಾಡಿ ಎದ್ದಿತು.

ದಾರಿಯಲ್ಲಿ ತಂದೆಯವರ ತಲೆಯನ್ನು ತೊಡೆಯ ಮೇಲಿರಿಸಿಕೊಂಡು ನಡೆದದ್ದನ್ನು ಒಪ್ಪಿಸಿದೆ. ಅವರು ಎರಡು ಉಸಿರಿನ ನಡುವೆ, "ಊದಬಹುದಿತ್ತು, ಮಗಾ," ಎಂದರು.

ಆ ಚಳಿಗಾಲವನ್ನು ಅವರು ದಾಟಿದರು. ಆದರೆ ಅಂದು ಬಂಟ್ವಾಳ ಬರುವವರೆಗೂ ಉಸಿರು ತಾಗುತ್ತಿದೆಯೇ ಎಂದು ನಾನು ಅವರ ಮೂಗಿನ ಬಳಿಯಿಂದ ಕೈ ತೆಗೆಯಲಿಲ್ಲ. ನನ್ನ ಬೆರಳುಗಳಲ್ಲಿ ಇನ್ನೂ ಆ ಸಿಹಿ ವಾಸನೆ ಇತ್ತು.