ಸವೆದ ನಾಲ್ಕು ಜಾಗಗಳು

1991ರಲ್ಲಿ ನನಗೆ ಹತ್ತೊಂಬತ್ತು. ಹಳೆಯ ಗಿಟಾರ್‌ಗಳ ಹುಚ್ಚು ಹಿಡಿದು ಅದು ಮೂರನೆಯ ವರ್ಷ. ಮುಚ್ಚಿಹೋದ ಆರ್ಕೆಸ್ಟ್ರಾಗಳಿಂದ ತಂದವು ಒಟ್ಟು ಮೂರು: ನಿಪ್ಪಾಣಿಯವು ಎರಡು, ಅಥಣಿಯದು ಒಂದು. ತಂದ ದಿನ, ತಂತಿಗಳ ಸಂಖ್ಯೆ, ಮೈಮೇಲಿನ ಗೀರುಗಳು ಎಲ್ಲವನ್ನೂ ಡೈರಿಯಲ್ಲಿ ಬರೆದಿಡುತ್ತಿದ್ದೆ.

ನಾಲ್ಕನೆಯದಾಗಿ ನಾನು ಬಯಸಿದ್ದು ಚಿಕ್ಕೋಡಿಯ ನಮ್ಮ ಓಣಿಯ ಅಜ್ಜರೊಬ್ಬರ ಬೇಸ್ ಗಿಟಾರನ್ನು. ಅವರು ಇಪ್ಪತ್ತೆರಡು ವರ್ಷ ಆರ್ಕೆಸ್ಟ್ರಾದಲ್ಲಿ ಅದನ್ನೇ ನುಡಿಸಿದ್ದರು. ಈಗ ಕಣ್ಣು ಕಾಣುತ್ತಿರಲಿಲ್ಲ. ಆಂಪ್ಲಿಫೈಯರ್ ಇಲ್ಲದ್ದರಿಂದ ಕಟ್ಟಿಗೆಗೆ ಗಲ್ಲ ಒತ್ತಿ, ದಿನಾ ಸಂಜೆ ತಮಗಷ್ಟೇ ಕೇಳುವಂತೆ ನುಡಿಸುತ್ತಿದ್ದರು. ಅವರಿಗೆ ಉಳಿದಿದ್ದ ಕೆಲಸ ಅದೊಂದೇ.

ಆಯುಧಪೂಜೆಯ ಖಂಡೇನವಮಿಗೆ ಹನ್ನೊಂದು ದಿನ ಮೊದಲು, ತಂತಿ ಬಿಗಿಯುವ ಕಿವಿಯೊಂದು ಸಡಿಲಾಯಿತೆಂದು ಗಿಟಾರನ್ನು ನನ್ನ ಕೈಗೆ ಕೊಟ್ಟರು. ಅರ್ಧ ತಾಸಿನ ಕೆಲಸ. ಆದರೆ ನಮ್ಮ ಮನೆಯಲ್ಲಿ ಆ ಹಬ್ಬಕ್ಕೆ ಕುಂಟೆ, ನೊಗ, ಗಾಡಿ ಎಲ್ಲಕ್ಕೂ ಹೊಸ ಬಣ್ಣ ಬೀಳುತ್ತಿತ್ತು. ಸವೆದದ್ದನ್ನು ಹಾಗೆಯೇ ಪೂಜೆಗಿಟ್ಟರೆ ಸಾಮಾನಿಗೆ ಅವಮಾನ ಎಂದೇ ನಾನು ಕಲಿತಿದ್ದೆ. ಗಿಟಾರಿನ ಕತ್ತಿನ ಹಿಂಬದಿಯ ವಾರ್ನಿಷ್ ಅಲ್ಲಲ್ಲಿ ಅಳಿದು ಕಟ್ಟಿಗೆ ಕಾಣುತ್ತಿತ್ತು. ‘ಸವೆದ ಜಾಗ: ನಾಲ್ಕು’ ಎಂದು ಬರೆದುಕೊಂಡೆ. ಮರಳು ಕಾಗದದಿಂದ ಉಜ್ಜಿ, ಎರಡು ಸಲ ವಾರ್ನಿಷ್ ಹಚ್ಚಿ, ಹಬ್ಬದ ಮುಂಜಾನೆ ಒಯ್ದೆ.

ಬಾಗಿಲಲ್ಲೇ ಗಿಟಾರಿನ ಹೊಳಪು ನೋಡಿದ ಅಜ್ಜಿ, “ನನ್ನ ಸವತಿ ಮದಲಗಿತ್ತಿ ಆಗಿ ಬಂದಾಳ ನೋಡ್ರಿ,” ಎಂದು ಗಂಡನನ್ನು ಕೂಗಿದರು.

ಅಜ್ಜ ಅದನ್ನು ತೊಡೆಯ ಮೇಲಿಟ್ಟುಕೊಂಡರು. ಹೆಬ್ಬೆರಳು ಕತ್ತಿನ ಹಿಂದೆ ಮೇಲಕ್ಕೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲಕ್ಕೆ ಹೋಯಿತು.

“ಸವದ ಜಾಗಾ ಎಲ್ಲಿ ಹೋದುವೋ ತಮ್ಮಾ?”

“ಎಲ್ಲಾ ಮುಚ್ಚೇನ್ರಿ ಅಜ್ಜಾರ. ನಾಲ್ಕರಾಗ ಒಂದೂ ಬಿಟ್ಟಿಲ್ಲ.”

“ಅವನ್ನ ಹಿಡದ ನಾ ಸುರ ಹುಡಕತಿದ್ದೆ.”

ವಾರ್ನಿಷ್ ಮುಗಿದು ಕಟ್ಟಿಗೆ ಶುರುವಾಗುವ ಅಂಚೇ ಅವರ ಹೆಬ್ಬೆರಳಿಗೆ ಸ್ವರದ ಗುರುತಾಗಿತ್ತು. ತಂತಿಯ ಕೆಳಗಿನ ಪಟ್ಟಿಗಳನ್ನು ಎಣಿಸಿ ನುಡಿಸಬಹುದಲ್ಲ ಎಂದೆ.

“ಎಣಸೋದು ನಿನ್ನ ಕೆಲಸಪಾ,” ಎಂದರು.

ಎರಡು ಸಲ ತಪ್ಪು ಸ್ವರ ಬಂತು. ಮೂರನೆಯ ಸಲ ಕೈ ತೆಗೆದರು.

“ನೀ ಒಯ್ಯಿ. ಭಾಳ ದಿನದಿಂದ ನಿನ್ನ ಕಣ್ಣ ಇದರ ಮ್ಯಾಲೇ ಇತ್ತು. ನನಗ ಗೊತ್ತಿಲ್ಲೇನು?” ಆ ದನಿಯಲ್ಲಿ ಸಿಟ್ಟಿರಲಿಲ್ಲ.

ಒಂಬತ್ತು ದಿನ ಆ ಹೊಸ ವಾರ್ನಿಷನ್ನು ಗಾಜಿನ ಚೂರಿನಿಂದ ಕೆರೆದೆ. ಕಟ್ಟಿಗೆ ಬಂತು, ಅಂಚು ಬರಲಿಲ್ಲ. ಮತ್ತೆ ಒಯ್ದಾಗ ಅಜ್ಜ ಒಮ್ಮೆ ಸವರಿದರು. “ಕಟಗಿ ಛಲೋ ಐತಿ. ಜ್ವಾಕಿ ಮಾಡು,” ಎಂದು, ಬೇರೆಯವರ ವಾದ್ಯವನ್ನು ಮೆಚ್ಚುವವರಂತೆ ಹೇಳಿ ನನ್ನ ಕೈಗೇ ಇಟ್ಟರು. ಆಮೇಲೆ ಹೆಂಡತಿಗೆ ರೇಡಿಯೊ ಹಚ್ಚಲು ಹೇಳಿದರು.