ಹಡಗಿಲ್ಲದ ಹತ್ತರ ನೋಟು

ಗೆಳೆಯರೇ, ಇವತ್ತು ನೇಸರಗಿ ಸಂತೆಯಲ್ಲಿ ನನ್ನ ಮಾನ ಉಳಿದದ್ದೇ ದೊಡ್ಡದು. ಮನೆಯಲ್ಲಿ ತಂಗಿಯನ್ನು ನೋಡಲು ಬಂದವರು ಊಟಕ್ಕೆ ಕಾಯುತ್ತಿದ್ದಾರೆ. ಇಲ್ಲಿ ಬೆಣ್ಣೆ ಮಾರುವ ಅಜ್ಜಿ ನನ್ನ ಹತ್ತರ ನೋಟನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟಳು.

“ಹತ್ತರ ನೋಟಿನ ಹಿಂದ ಹಡಗ ಇರತೈತಿ. ಇದು ಗಾಂಧಿ ಅಜ್ಜನ ಫೋಟೋ. ಮಿಲಿಟರ್‍ಯಾಗಿರೂ ಮಗ ನನಗೂ ಇಂಥಾದ್ದ ಕಳಿಸ್ಯಾನ. ದೇವರ ಜಗಲಿ ಮ್ಯಾಲ ಇಟ್ಟು ದಿನಾ ಊದಿನಕಡ್ಡಿ ಬೆಳಗತೇನಿ. ಫೋಟೋಕ್ಕ ಯಾರರ ಬೆಣ್ಣಿ ಕೊಡ್ತಾರೇನು?”

ಪಕ್ಕದಲ್ಲಿದ್ದ ಶಾಲೆಯ ಮಾಸ್ತರರು ನೋಟು ನೋಡಿ ನಕ್ಕರು. “ಖರೇ ನೋಟ ಐತಿ ಯವ್ವಾ. ಗಾಂಧೀಜಿ ಹುಟ್ಟಿ ನೂರು ವರ್ಷಾತಂತ ಸರಕಾರದವರು ಮಾಡ್ಯಾರ.”

“ಹಂಗಾರ ಜಗಲಿ ಮ್ಯಾಲಿಂದೂ ರೊಕ್ಕಾನ?” ಎನ್ನುತ್ತಾ ಅಜ್ಜಿ ಬೆಣ್ಣೆ ಕೊಟ್ಟಳು. ನನಗೆ ಹೋದ ಜೀವ ಬಂದಂತಾಯಿತು.

ಪಾಪ, ಗಾಂಧಿ ಅಜ್ಜನಿಗೆ ಮಾತ್ರ ನಾಳೆಯಿಂದ ಊದಿನಕಡ್ಡಿ ಇಲ್ಲ.