ಮೂರನೇ ಸಲ ಕಂಡ ಮುಖ

ಬೀದಿಯವರೆಲ್ಲ ಅವಳನ್ನು ಇಸ್ತ್ರಿಯಮ್ಮ ಎನ್ನುತ್ತಿದ್ದರು. ಅಂಗಿ ಅವಳ ಕೈಗೆ ಸಿಕ್ಕಿತೆಂದರೆ ಒಂದು ಸುಕ್ಕು ಉಳಿಯುವಂತಿಲ್ಲ. ಮಾತು ಮಾತ್ರ ಕೇಳಿದಷ್ಟಕ್ಕೆ. ಮಗಳು ಹುಟ್ಟುವ ಮುಂಚೆ ಏನು ಮಾಡಿಕೊಂಡಿದ್ದೆ ಎಂದರೆ ಊರೂರು ತಿರುಗುವ ಕೆಲಸ ಎನ್ನುತ್ತಿದ್ದಳು. ಬಸ್ ಓಡಿಸುವ ಗಂಡ ಅದನ್ನು ಸೋಪು ಮಾರುವ ಕೆಲಸ ಎಂದುಕೊಂಡು ಇಪ್ಪತ್ತಾರು ವರ್ಷ ನೆಮ್ಮದಿಯಾಗಿ ಸಂಸಾರ ಮಾಡಿದ್ದ. ಸೋಪೂ ಅಲ್ಲ, ಸೀಗೆಪುಡಿಯೂ ಅಲ್ಲ. ಹೇಳಿದವರನ್ನು ಕೊಂದು ಬರುವುದು ಅವಳ ಕೆಲಸವಾಗಿತ್ತು.

ಮಗಳು ಹೊಟ್ಟೆಯಲ್ಲಿ ನಿಂತಾಗ ಅದನ್ನು ಬಿಟ್ಟಳು. ಆದರೆ ಸೇಡಿಟ್ಟುಕೊಂಡ ಯಾರೋ ಒಬ್ಬರು ಬಂದೇ ಬರುತ್ತಾರೆ, ತನ್ನನ್ನು ಬಿಟ್ಟು ಮಗಳ ಮೇಲೆ ಕೈ ಮಾಡುತ್ತಾರೆ ಎಂಬ ಭಯ ಬಿಡಲಿಲ್ಲ. ಅದಕ್ಕೇ ಆ ಕಸುಬಿನವರ ಒಂದು ನಿಯಮವನ್ನು ಇನ್ನೂ ಪಾಲಿಸುತ್ತಿದ್ದಳು. ಗುರುತಿಲ್ಲದ ಮುಖ ಒಮ್ಮೆ ಕಂಡರೆ ದಾರಿಹೋಕ, ಇನ್ನೊಮ್ಮೆ ಕಂಡರೆ ಕಣ್ಣಿಡಬೇಕು, ಮೂರನೇ ಸಲ ಕಂಡರೆ ಕಾಯಬಾರದು.

ಆ ಸೋಮವಾರ ಒಬ್ಬ ಸಣಕಲ ಹುಡುಗ ಅವಳ ಇಸ್ತ್ರಿ ಅಂಗಡಿಯ ಎದುರು ತಲೆತಗ್ಗಿಸಿ ನಿಂತಿದ್ದ. ಬುಧವಾರ ಮಗಳು ಅಂಚೆ ಕಚೇರಿಗೆ ಹೊರಟಾಗ ತಿರುವಿನಲ್ಲಿದ್ದ. ಶುಕ್ರವಾರ ಮಧ್ಯಾಹ್ನ ಅವರ ಮನೆಯ ಮೆಟ್ಟಿಲ ಮೇಲೇ ನಿಂತಿದ್ದ, ಬಲಗೈ ಜೇಬಿನೊಳಗೆ. ಇಸ್ತ್ರಿಯಮ್ಮ ಬಟ್ಟೆಗಂಟನ್ನು ಸದ್ದಿಲ್ಲದೆ ಇಳಿಸಿ, ಅದರಿಂದ ಒಂದು ದುಪ್ಪಟಿ ತೆಗೆದು ಹಿಂದಿನಿಂದ ಅವನ ತಲೆಗೆ ಮುಚ್ಚಿದಳು. ಆ ಕೈಯನ್ನು ಹೊರಗೆಳೆದು ಹೆಬ್ಬೆರಳು, ಮಣಿಕಟ್ಟು ಎರಡನ್ನೂ ಮುರಿದಳು. ಕೊಲ್ಲುವುದನ್ನು ಬಿಟ್ಟಾಗಿತ್ತು, ಕಳಿಸಿದವರಿಗೆ ಇಷ್ಟರಿಂದಲೇ ಸುದ್ದಿ ಮುಟ್ಟುತ್ತದೆ ಎಂದುಕೊಂಡಳು.

ಸಂಜೆ ಮಗಳು ಅಳುತ್ತಾ ಬಂದಳು. ಮೆಟ್ಟಿಲ ಮೇಲಿದ್ದವನು ಅವಳು ಮೆಚ್ಚಿದ ಹುಡುಗನಂತೆ, ಗಡಿಯಾರ ರಿಪೇರಿ ಮಾಡುವವನಂತೆ. ಅಮ್ಮನ ಹತ್ತಿರ ಮದುವೆ ಮಾತೆತ್ತಲು ಧೈರ್ಯ ಸಾಲದೆ ವಾರವೆಲ್ಲ ಸುತ್ತಿದ್ದನಂತೆ. ಜೇಬಿನಲ್ಲಿದ್ದದ್ದು ಅಮ್ಮನಿಗೆಂದು ತಂದ ಕೈಗಡಿಯಾರ. ಯಾವನೋ ಪಾಪಿ ಕೈ ಮುರಿದು ಹೋಗಿದ್ದಾನೆ ಎಂದು ಮಗಳು ಅಮ್ಮನ ತೋಳಿಗೇ ಮುಖ ಒತ್ತಿಕೊಂಡಳು.

ಮೂಳೆ ಕೂಡಿಕೊಂಡಿತು, ಹೆಬ್ಬೆರಳಿಗೆ ಹಿಡಿತ ಬರಲಿಲ್ಲ. ಮಗಳು ಅವನನ್ನು ದಿನಾ ಸಂಜೆ ಮನೆಗೆ ಕರೆತರುತ್ತಿದ್ದಳು. ಅವನು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಚಿಮಟದಲ್ಲಿ ಸಾಸಿವೆಯಷ್ಟು ತಿರುಪು ಎತ್ತಲು ನೋಡುತ್ತಿದ್ದ. ಅದು ಬೀಳುತ್ತಿತ್ತು. ಮತ್ತೆ ಎತ್ತುತ್ತಿದ್ದ, ಮತ್ತೆ ಬೀಳುತ್ತಿತ್ತು. ಹಿಂದೆಲ್ಲ ಇಸ್ತ್ರಿಯಮ್ಮ ಕೆಲಸ ಮುಗಿಸಿ ಹೊರಟುಬಿಡುತ್ತಿದ್ದಳು, ಆಮೇಲೇನಾಯಿತೆಂದು ನೋಡಿದವಳಲ್ಲ. ತಾನು ಕೊಂದವರ ಮನೆಗಳಲ್ಲೂ ಯಾರೋ ಹೀಗೆ ಅತ್ತಿರಬೇಕು ಎಂದು ಹೊಳೆದದ್ದೇ ಈಗ. ಹೇಳಿದರೆ ಮಗಳು ಕೈತಪ್ಪುತ್ತಾಳೆ. ಹೇಳದೆ ಇರಲೂ ಆಗುತ್ತಿರಲಿಲ್ಲ. ಅದಕ್ಕೇ ಅವನ ತಟ್ಟೆಗೆ ಎರಡೆರಡು ಸಲ ಬಡಿಸುತ್ತಿದ್ದಳು, ಅಷ್ಟರಿಂದ ಪಾಪ ಕಳೆಯುತ್ತದೆಯೋ ಎನ್ನುವ ಹಾಗೆ.

ಒಂದು ಸಂಜೆ ಮಗಳು ಟೀ ಮಾಡಲು ಒಳಗೆ ಹೋದಾಗ ಅವನು ಚಿಮಟ ಕೆಳಗಿಟ್ಟ.

"ಅಮ್ಮ, ಅವತ್ತು ನೀವೇ ಅಂತ ನಂಗೊತ್ತು," ಎಂದ ಮೆಲ್ಲಗೆ. "ದುಪ್ಪಟಿ ಕೆಳಗಿಂದ ನಿಮ್ಮ ಚಪ್ಪಲಿ ಕಾಣಿಸ್ತು. ತಲೆ ಎತ್ತೋ ಧೈರ್ಯ ಇಲ್ದೆ ಸೋಮವಾರದಿಂದ ಅದನ್ನೇ ನೋಡ್ತಿದ್ದೆ."

ಇಸ್ತ್ರಿಯಮ್ಮ ಬಾಗಿಲ ಬಳಿ ಬಿಟ್ಟಿದ್ದ ತನ್ನ ಚಪ್ಪಲಿಯ ಕಡೆ ನೋಡಿದಳು.

"ಅವಳಿಗೆ ಹೇಳಿಲ್ಲ. ಅವಳಿಗೆ ಅಮ್ಮ ಅಂದ್ರೆ ಪ್ರಾಣ. ನಾನು ನಿಮಗೆ ಇಷ್ಟ ಇಲ್ಲ ಅಂದ್ರೆ ಬಾಯಿಬಿಟ್ಟು ಹೇಳ್ಬಿಡಿ, ನಾನೇ ದೂರ ಹೋಗ್ತೀನಿ."

ತನ್ನನ್ನು ಅವನು ಅಳಿಯ ಒಪ್ಪಿಗೆಯಾಗದ ಒರಟು ಹೆಂಗಸು ಎಂದುಕೊಂಡಿದ್ದಾನೆ, ಅಷ್ಟೇ. ಸುಮ್ಮನೆ ತಲೆಯಾಡಿಸಿದ್ದರೆ ಅವನು ಎದ್ದು ಹೋಗುತ್ತಿದ್ದ, ಗುಟ್ಟೂ ಉಳಿಯುತ್ತಿತ್ತು. ಹಾಗೆ ಮಾಡಲು ಅವಳಿಗೆ ನಾಚಿಕೆಯಾಯಿತು.

ಮಗಳನ್ನು ಕರೆದಳು. "ಟೀ ಆಮೇಲೆ ಮಾಡು, ಇಲ್ಲಿ ಬಾ. ಇವರ ಕೈ ಮುರಿದಿದ್ದು ನಾನು."

ಮಗಳು ನಕ್ಕುಬಿಟ್ಟಳು. ಅಮ್ಮ ಜೀವಮಾನದಲ್ಲಿ ಮೊದಲ ಸಲ ತಮಾಷೆ ಮಾಡಿದಳು ಎಂದುಕೊಂಡಳೇನೋ. ನಗುತ್ತಲೇ ಹುಡುಗನ ಕಡೆ ತಿರುಗಿದಳು. ಅವನು ತಲೆ ಎತ್ತಲಿಲ್ಲ. ಅವಳ ನಗು ನಿಂತಿತು.

ಇನ್ನೂ ಹೇಳುವುದಿದೆ ಎಂದು ಇಸ್ತ್ರಿಯಮ್ಮ ಒಂದು ಹೆಜ್ಜೆ ಮುಂದಿಟ್ಟಳು. ಮಗಳು ಎರಡೂ ಕೈ ಅಗಲಿಸಿ ಅವನ ಕುರ್ಚಿಗೆ ಅಡ್ಡ ನಿಂತಳು.